ದಾನವೂ ಪಾಲನೆಯೂ: ನಮ್ಮ ಸೀಮೆಯ ದತ್ತಿಮಂಡಳಿಗಳ ಆಡಳಿತವನ್ನು ಕುರಿತು

ಗುಂಡ್ಲುಪೇಟೆ, ಚಾಮರಾಜನಗರ, ಯಳಂದೂರು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಇತರ ಕೆಲವು ತಾಲ್ಲೂಕುಗಳ ಶಾಸನಗಳೊಡನೆ 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟವಾಗಿ ಪ್ರಕಟಿಸಿದರು. ದಾನಶಾಸನಗಳ ರೀತಿಯನ್ನು ಬಲ್ಲವರಿಗೆ ಅವುಗಳ ಕ್ರಮವೂ ಪರಿಚಿತವಾದುದೇ: ಕಾಲನಿರ್ದೇಶ, ದಾತೃವಿನ ಬಿರುದಾವಳಿ, ಬಿಟ್ಟ ಭೂಮಿಯ ಎಲ್ಲೆಕಟ್ಟು, ದತ್ತಿಯ ಉದ್ದೇಶ, ಕಟ್ಟಕಡೆಗೆ ಆ ಧರ್ಮವನ್ನು ಅಳಿದವನಿಗೆ ಶಾಪ. ಕನ್ನಡ ನಾಡಿನ ಶಿಲೆಗಳ ಮೇಲೂ ತಾಮ್ರಪಟಗಳ ಮೇಲೂ ಮತ್ತೆ ಮತ್ತೆ ಕಾಣಬರುವ ಸಂಸ್ಕೃತ ಶ್ಲೋಕವೊಂದು ದಾನ, ಪಾಲನೆ ಎಂಬೆರಡನ್ನೂ ತೂಗಿ ನೋಡಿ, ಕೊಟ್ಟವನಿಗೆ ಸ್ವರ್ಗವನ್ನೂ ಕೊಟ್ಟುದನ್ನು ಕಾಪಾಡಿದವನಿಗೆ ಅದಕ್ಕಿಂತಲೂ ಮಿಗಿಲಾದ, ಚ್ಯುತಿಯಿಲ್ಲದ ಪದವಿಯನ್ನೂ ಹೇಳುತ್ತದೆ. ನಮ್ಮ ಪೂರ್ವಿಕರಿಗೆ ಈ ತಾರತಮ್ಯ ಕೇವಲ ಅಲಂಕಾರವಾಗಿರಲಿಲ್ಲವೆಂದೇ ನನ್ನ ನಂಬಿಕೆ. ಕೊಡುವವನು ಬದುಕಿರುವಷ್ಟು ಕಾಲ ಯಾವ ಧರ್ಮವೂ ನಡೆಯುತ್ತದೆಂಬುದನ್ನೂ, ಅವನು ಕಣ್ಮುಚ್ಚಿದ ಮೇಲೆ ನಡೆಯಬೇಕಾದರೆ ಬೇರೊಂದು ಜಾತಿಯ ಶ್ರಮ ಬೇಕಾಗುತ್ತದೆಂಬುದನ್ನೂ ಅವರು ಅನುಭವದಿಂದ ಅರಿತಿದ್ದರು.

ಆ ಅನುಭವಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾದುದಿಲ್ಲ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿ ಅಗ್ರಹಾರವನ್ನು ನೆಲೆಗೊಳಿಸಿದರು. ರಾಜನ ಬೊಕ್ಕಸ, ರಾಜನ ಪಿತೃಭಕ್ತಿ, ರಾಜನ ಆಜ್ಞೆ ಇಷ್ಟೂ ಕೂಡಿ ನಿಂತ ಆ ಧರ್ಮವೇ ಕಾಲಾಂತರದಲ್ಲಿ ಬಹುಕಾಲ ಜೀರ್ಣಾವಸ್ಥೆಯಲ್ಲಿ ಉಳಿಯಿತೆಂದ ಮೇಲೆ, ಸಾಮಾನ್ಯ ಗೃಹಸ್ಥರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಛಾಪಾ ಕಾಗದದ ಮೇಲೆ ಬರೆಯಿಸಿ ನೋಂದಾಯಿಸುವ ಇಂದಿನ ಟ್ರಸ್ಟುಗಳ ಗತಿಯೇನೆಂದು ಯೋಚಿಸುವುದು ಅಪ್ರಕೃತವಾಗದು.

ಇಂದು ಈ ಚಾಮರಾಜನಗರ ಜಿಲ್ಲೆಯಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ, ಅನಾಥಾಲಯ, ಗೋಶಾಲೆ, ಕಾಡಂಚಿನ ಜನರ ಸೇವೆ ಎಂಬ ನಾನಾ ಹೆಸರುಗಳಲ್ಲಿ ನಡೆಯುತ್ತಿರುವ ಸಾರ್ವಜನಿಕ ಧರ್ಮಕಾರ್ಯಗಳು ಬಹುಮಟ್ಟಿಗೆ ಮೂರು ರೂಪಗಳಲ್ಲಿವೆ: ದತ್ತಿಪತ್ರದಿಂದ ಹುಟ್ಟಿದ ಟ್ರಸ್ಟು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ಹುಟ್ಟಿದ ಸಂಘ, ಹಾಗೂ ಕಂಪನಿ ಕಾಯಿದೆಯ ಎಂಟನೆಯ ಪ್ರಕರಣದ ಲಾಭರಹಿತ ಕಂಪನಿ. ಕಡೆಯದು ನಗರಗಳ ಸೊತ್ತು; ಅದನ್ನು ಇಲ್ಲಿ ಬಿಡಬಹುದು. ಸಂಘಕ್ಕೆ ಕಡಮೆಯೆಂದರೆ ಏಳು ಮಂದಿ ಸದಸ್ಯರು, ವಾರ್ಷಿಕ ಸಭೆ, ಚುನಾವಣೆ, ಸಂಘಗಳ ರಿಜಿಸ್ಟ್ರಾರರಿಗೆ ವರ್ಷಂಪ್ರತಿ ಸಲ್ಲಿಸಬೇಕಾದ ಪಟ್ಟಿಗಳು ಇಷ್ಟು ಬೇಕು; ಅವ್ಯವಹಾರ ಕಂಡಲ್ಲಿ ವಿಚಾರಣೆಗೂ ಆಡಳಿತಾಧಿಕಾರಿಯ ನೇಮಕಕ್ಕೂ ಆ ಕಾಯಿದೆಯಲ್ಲಿಯೇ ಅವಕಾಶವುಂಟು. ಟ್ರಸ್ಟಿನ ಮಾತೇ ಬೇರೆ. ಮಹಾರಾಷ್ಟ್ರ, ಗುಜರಾತುಗಳಲ್ಲಿ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಯ ಪರಂಪರೆಯಿಂದ ಧರ್ಮಾದಾಯ ಆಯುಕ್ತರೆಂಬ ಅಧಿಕಾರಿಯಿದ್ದಾರೆ. ಹಳೆಯ ಮೈಸೂರಿನ ಈ ಭಾಗದಲ್ಲಿ ದೇವಸ್ಥಾನವಲ್ಲದ ಒಂದು ಸಾಮಾನ್ಯ ಸಾರ್ವಜನಿಕ ಟ್ರಸ್ಟು ಒಮ್ಮೆ ನೋಂದಣಿಯಾದ ತರುವಾಯ ಅದರ ವಾರ್ಷಿಕ ಲೆಕ್ಕವನ್ನು ಧರ್ಮದ ದೃಷ್ಟಿಯಿಂದ ಓದುವ ಅಧಿಕಾರಿ ಯಾರೂ ಇಲ್ಲ. 1882ರ ಭಾರತೀಯ ಟ್ರಸ್ಟುಗಳ ಕಾಯಿದೆಯಾದರೋ ತಾನು ಸಾರ್ವಜನಿಕ ಧರ್ಮಗಳಿಗೆ ಅನ್ವಯಿಸುವುದಿಲ್ಲವೆಂದು ಆರಂಭದಲ್ಲಿಯೇ ಹೇಳಿಕೊಂಡಿದೆ. ಧರ್ಮದರ್ಶಿಯು ಉದ್ದೇಶವನ್ನು ನೆರವೇರಿಸತಕ್ಕದ್ದು, ಸ್ವಂತ ಲಾಭಕ್ಕೆ ಸ್ವತ್ತನ್ನು ಬಳಸಕೂಡದು ಎಂಬ ಅದರ ತತ್ತ್ವಗಳನ್ನು ನ್ಯಾಯಾಲಯಗಳು ಸಾದೃಶ್ಯದಿಂದ ಎರವಲು ಪಡೆಯುತ್ತವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಂತೆ ಧರ್ಮದಲ್ಲಿ ಆಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಆದರೆ ಹಾಸ್ಟೆಲಿನ ಊಟ ಕೆಟ್ಟಿತೆಂದು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಅರಿಸಿನದ ಬೆಳೆಗಾರನೊಬ್ಬನು ಜಿಲ್ಲಾ ನ್ಯಾಯಾಲಯದ ಮೆಟ್ಟಲನ್ನೇರಿ ವರ್ಷಾನುಗಟ್ಟಲೆ ವಾಯಿದೆಗಳಿಗೆ ಅಲೆಯುವನೆಂದು ಯಾರೂ ನಿರೀಕ್ಷಿಸಲಾರರು.

ಆದುದರಿಂದ ವಸ್ತುತಃ ಉಳಿಯುವ ಓದುಗನೊಬ್ಬನೇ: ಆದಾಯ ತೆರಿಗೆಯ ಅಧಿಕಾರಿ. ಸ್ಥಾಪಕನಿಗೂ ಧರ್ಮದರ್ಶಿಗಳಿಗೂ ಅವರ ಬಂಧುಗಳಿಗೂ ಸಂಸ್ಥೆಯ ಆದಾಯದಿಂದ ಅನುಕೂಲ ಸಂದಿದ್ದರೆ ವಿನಾಯಿತಿ ತಪ್ಪುವುದೆಂಬ ನಿಯಮ 1961ರ ಕಾಯಿದೆಯ ಕಾಲದಿಂದ ನಡೆದುಬಂದಿದೆ; ವರಮಾನದ ಶೇಕಡ 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕೆಂಬ ನಿಯಮವೂ ಉಂಟು. ಇವು ಉಪಯುಕ್ತವಾದ ನಿಯಮಗಳೇ ಸರಿ. ಆದರೆ ಹಣ ಕಳವಾಯಿತೇ ಎಂದು ಕೇಳಬಲ್ಲ ಈ ಓದುಗನಿಗೆ, ಬಡ ಮಕ್ಕಳಿಗೆಂದು ತೆರೆದ ಶಾಲೆ ಇಪ್ಪತ್ತು ವರ್ಷಗಳಲ್ಲಿ ಸಿರಿವಂತರ ಮಕ್ಕಳ ಶಾಲೆಯಾಗಿ ಮಾರ್ಪಟ್ಟುದೇಕೆ ಎಂದು ಕೇಳಲು ಅಧಿಕಾರವೂ ಇಲ್ಲ, ಪುರಸೊತ್ತೂ ಇಲ್ಲ. ನಮ್ಮ ದತ್ತಿಸಂಸ್ಥೆಗಳ ದೋಷ ಬಹುಪಾಲು ಈ ಎರಡನೆಯ ಬಗೆಯದು. ಕಳ್ಳತನ ವಿರಳ, ಉದ್ದೇಶವನ್ನು ಮರೆಯುವುದು ಸಾಮಾನ್ಯ.

ಮರೆವಿಗೆ ಮೊದಲ ಕಾರಣ ದತ್ತಿಪತ್ರದಲ್ಲಿಯೇ ಇರುತ್ತದೆ. ಆಡಿಟರ ಬಳಿ ಸಿದ್ಧವಿರುವ ಮಾದರಿಯಿಂದ ನಕಲಾಗುವ ಪತ್ರಗಳಲ್ಲಿ ‘ಉದ್ದೇಶಗಳು’ ಎಂಬ ಶೀರ್ಷಿಕೆಯ ಕೆಳಗೆ ಶಿಕ್ಷಣ, ಆರೋಗ್ಯ, ಯೋಗ, ಗೋಸಂರಕ್ಷಣೆ, ಪರಿಸರ, ಮಹಿಳಾ ಸಬಲೀಕರಣ, ಲಲಿತಕಲೆ, ವೃದ್ಧಾಶ್ರಮ, ವಿಪತ್ತು ಪರಿಹಾರ ಎಲ್ಲವೂ ಸಾಲುಗಟ್ಟಿ ನಿಂತಿರುತ್ತವೆ. ಮುಂದೆ ಯಾವ ಅನುದಾನ ಯಾವ ದಿಕ್ಕಿನಿಂದ ಬಂದರೂ ಬಾಗಿಲು ತೆರೆದಿರಲಿ ಎಂಬ ಜಾಣತನದಿಂದ ಹೀಗೆ ಬರೆಯುತ್ತಾರೆ. ಎಲ್ಲವನ್ನೂ ಮಾಡಬಹುದಾದ ಸಂಸ್ಥೆ ಯಾವುದನ್ನು ಮಾಡದಿದ್ದರೂ ತಪ್ಪಿತಸ್ಥವಾಗದು. ಅಮೆರಿಕದ ಫೋರ್ಡ್ ಪ್ರತಿಷ್ಠಾನ 1936ರಲ್ಲಿ ಸ್ಥಾಪಿತವಾದಾಗ ಅದರ ಉದ್ದೇಶವೂ ವಿಜ್ಞಾನ, ಶಿಕ್ಷಣ, ಧರ್ಮಕಾರ್ಯ, ಲೋಕಹಿತ ಎಂಬ ವಿಶಾಲ ಶಬ್ದಗಳಲ್ಲಿಯೇ ಇತ್ತು. ಸ್ಥಾಪಕ ಮನೆತನದ ಎರಡನೆಯ ಹೆನ್ರಿ ಫೋರ್ಡ್ 1976ರಲ್ಲಿ ಮಂಡಳಿಯಿಂದ ಹೊರಬರುತ್ತ, ಯಾವ ಉದ್ಯಮವ್ಯವಸ್ಥೆಯಿಂದ ಈ ಹಣ ಹುಟ್ಟಿತೋ ಅದನ್ನೇ ಸಂಸ್ಥೆ ಮರೆತಿದೆಯೆಂದು ದೂರಿದನು. ಅವನ ದೂರು ನ್ಯಾಯವಾದುದೋ ಅಲ್ಲವೋ ಹೇಳುವುದು ಕಷ್ಟ. ಅಳೆಯುವ ಕೋಲೇ ಪತ್ರದಲ್ಲಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ತೀರ ಬಿಗಿಯಾದ ಪತ್ರವೂ ಅನರ್ಥಕ್ಕೆ ಎಡೆಮಾಡೀತು. ಫಿಲಡೆಲ್ಫಿಯದ ಸ್ಟೀಫನ್ ಗಿರಾರ್ಡ್ ತನ್ನ ಆಸ್ತಿಯನ್ನು ಬಡ ಬಿಳಿಯ ಅನಾಥ ಬಾಲಕರ ಶಿಕ್ಷಣಕ್ಕೆಂದು ಬರೆದಿಟ್ಟಿದ್ದನು. ಕರಿಯ ಮಕ್ಕಳಿಗೆ ಆ ಬಾಗಿಲು 1968ರಲ್ಲಿ ತೆರೆದುದು ದೀರ್ಘ ವ್ಯಾಜ್ಯದ ಬಳಿಕ. ಜಾತಿಗೊಂದರಂತೆ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡ ಮೈಸೂರು ಸೀಮೆಯ ನಾವು ಈ ಪ್ರಸಂಗವನ್ನು ಪರದೇಶದ ಕಥೆಯೆಂದು ಬದಿಗಿಡುವಂತಿಲ್ಲ.

ಎರಡನೆಯ ಕಾರಣ ಹಣ ಬರುವ ದಾರಿ. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣ, ನಿಗದಿಯಾದ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ತಾವು ಕೆಲಸ ಮಾಡುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ನೀಡಬೇಕೆಂದೂ ಅದೇ ಹೇಳಿತು. ಕಾರ್ಖಾನೆ ವಿರಳವಾದ, ಕಾಡೂ ಹೊಲವೂ ಹೆಚ್ಚಾದ ಗುಂಡ್ಲುಪೇಟೆಯಂಥ ತಾಲ್ಲೂಕಿಗೆ ಇದರಿಂದ ಒದಗುವ ಪಾಲು ಎಷ್ಟಿರಬಹುದೆಂದು ಊಹಿಸಬಹುದು. ಬಂದ ಪಾಲೂ ವರ್ಷಾಂತ್ಯಕ್ಕೆ ಮುಗಿಯಬೇಕಾದ, ಛಾಯಾಚಿತ್ರಕ್ಕೆ ಒದಗುವ, ಫಲಕ ನೆಡಲು ತಕ್ಕುದಾದ ಕೆಲಸಗಳಿಗೇ ಒಲಿಯುತ್ತದೆ. ಬಾಲಕಿಯರ ಶಿಕ್ಷಣಕ್ಕೆಂದು ಹುಟ್ಟಿದ ಸಂಸ್ಥೆ ಒಂದು ವರ್ಷ ಸೋಲಾರ್ ದೀಪ, ಮರು ವರ್ಷ ನೀರಿನ ಶುದ್ಧೀಕರಣ ಘಟಕ, ಮೂರನೆಯ ವರ್ಷ ಸಸಿ ನೆಡುವ ಉತ್ಸವ ಎಂದು ತಿರುಗುತ್ತ ಹೋದರೆ, ಪ್ರತಿಯೊಂದೂ ಒಳ್ಳೆಯ ಕೆಲಸವೇ ಆದುದರಿಂದ ಯಾರೂ ಆಕ್ಷೇಪಿಸರು. ವಿದೇಶೀ ದೇಣಿಗೆಯ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿ, ಪಡೆದ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿದುದರಿಂದ, ದೊಡ್ಡ ಸಂಸ್ಥೆಗಳ ನೆರಳಿನಲ್ಲಿ ಬದುಕುತ್ತಿದ್ದ ಹಳ್ಳಿಯ ಸಣ್ಣ ಸಂಸ್ಥೆಗಳು ಇನ್ನಷ್ಟು ಬಡವಾದವು. ಬಡತನದಲ್ಲಿ ಬೇಡವೆನ್ನುವ ಧೈರ್ಯ ಕುಂದುವುದು ಸಹಜ. ಬಂದ ಹಣವನ್ನು, ಅದು ನಮ್ಮ ಕೆಲಸಕ್ಕೆ ಸಲ್ಲದೆಂದು ಹಿಂದಿರುಗಿಸಿದ ಠರಾವು ಒಂದಾದರೂ ನಡವಳಿ ಪುಸ್ತಕದಲ್ಲಿದೆಯೆ ಎಂದು ನೋಡುವುದು, ಮಂಡಳಿಯೊಂದರ ಯೋಗ್ಯತೆಯನ್ನು ಅರಿಯಲು ನನಗೆ ತೋರುವ ಅತ್ಯುತ್ತಮ ಪರೀಕ್ಷೆ.

ಆದರೆ ಉದ್ದೇಶ ಮಾರ್ಪಟ್ಟ ಮಾತ್ರಕ್ಕೆ ಅದು ಭ್ರಂಶವೆಂದು ಭಾವಿಸಲಾಗದು. ಈ ಜಿಲ್ಲೆಯಲ್ಲಿಯೇ ಅದಕ್ಕೆ ಪ್ರತ್ಯುದಾಹರಣೆಯಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಸೇವೆಗೆಂದು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅದರ ಕಾರ್ಯಕ್ಕಾಗಿ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಆ ಕಾರ್ಯದ ಕೊಂಬೆಯಾಗಿ ಬೆಳೆದ ಕರುಣಾ ಟ್ರಸ್ಟು 1980ರ ದಶಕದಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗದ ನಿವಾರಣೆಗೆ ಕೈಹಾಕಿದಾಗ ಅಲ್ಲಿ ಸಾವಿರಕ್ಕೆ ಇಪ್ಪತ್ತಕ್ಕೂ ಮೇಲ್ಪಟ್ಟು ರೋಗಿಗಳಿದ್ದರು. ಎರಡು ದಶಕಗಳ ತರುವಾಯ ಅದು ಸಾವಿರಕ್ಕೆ ಒಂದಕ್ಕಿಂತ ಕೆಳಕ್ಕೆ ಇಳಿಯಿತು. ದತ್ತಿಯೊಂದರ ಉದ್ದೇಶ ಈಡೇರಿದಾಗ ಅದರ ಮಂಡಳಿ ಏನು ಮಾಡತಕ್ಕದ್ದು? ಬಾಗಿಲು ಮುಚ್ಚಬೇಕೆ, ಇಲ್ಲವೆ ರೋಗಿಗಳಿಲ್ಲದ ಆಸ್ಪತ್ರೆಯನ್ನು ಅಭ್ಯಾಸಬಲದಿಂದ ನಡೆಸುತ್ತಿರಬೇಕೆ? ರೋಗವಿಳಿಯುತ್ತಿರುವಾಗಲೇ ಆ ಟ್ರಸ್ಟು, ಕುಷ್ಠವೊಂದನ್ನೇ ಹುಡುಕುತ್ತಿದ್ದರೆ ಸಾಲದು, ಸಾಮಾನ್ಯ ಪ್ರಾಥಮಿಕ ಆರೋಗ್ಯವ್ಯವಸ್ಥೆಯೇ ನೆಟ್ಟಗಾಗಬೇಕೆಂಬ ಕಡೆಗೆ ತಿರುಗಿ, 1996ರಲ್ಲಿ ಸರ್ಕಾರದಿಂದ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಇಲ್ಲಿ ಉದ್ದೇಶ ಹಿಗ್ಗಿತು. ಆದರೆ ಹಿಗ್ಗಿದುದು ರೋಗಿಯ ಅಗತ್ಯವನ್ನು ಅನುಸರಿಸಿ. ಹಣದ ದಾರಿಯಲ್ಲಿ ಹಿಗ್ಗುವುದಕ್ಕೂ ಇದಕ್ಕೂ ಹೊರಗಿನಿಂದ ನೋಡುವವನಿಗೆ ವ್ಯತ್ಯಾಸ ಕಾಣದೇ ಹೋಗಬಹುದು. ಮಂಡಳಿಯ ಒಳಗಿರುವವರಿಗೆ ಕಾಣಲೇಬೇಕು.

ಬೆಟ್ಟದ ಕಥೆಯಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಸೋಲಿಗರಿಗೆ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಸಮುದಾಯದ ಹಕ್ಕುಗಳು ದೊರೆತವು. ಆ ಹೋರಾಟದ ಮುಂಚೂಣಿಯಲ್ಲಿದ್ದವು ಸೋಲಿಗರದೇ ಸಂಘಗಳು. ದಾನ ಪಡೆಯುವವರೆಂದು ಗಣಿಸಲ್ಪಟ್ಟವರು ಹಕ್ಕು ಕೇಳುವವರಾಗಿ ನಿಂತ ಮೇಲೆ, ಅವರಿಗಾಗಿ ಕೆಲಸ ಮಾಡುವ ಯಾವ ಸಂಸ್ಥೆಯಾಗಲಿ ತನ್ನ ಮಂಡಳಿಯ ಕುರ್ಚಿಗಳನ್ನು ಎಣಿಸಿ ನೋಡಿಕೊಳ್ಳಬೇಕಾಗುತ್ತದೆ. ಇಲ್ಲೊಂದು ವಿಚಿತ್ರವಿದೆ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಹಾಗೂ ಧರ್ಮಾದಾಯ ದತ್ತಿಗಳ ಕಾಯಿದೆಯಂತೆ ಮುಜರಾಯಿ ದೇವಸ್ಥಾನವೊಂದರ ಒಂಬತ್ತು ಮಂದಿಯ ವ್ಯವಸ್ಥಾಪನ ಸಮಿತಿಯಲ್ಲಿ ಅರ್ಚಕರ ಪ್ರತಿನಿಧಿ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರೊಬ್ಬರು, ಇಬ್ಬರು ಮಹಿಳೆಯರು, ದೇವಸ್ಥಾನದ ಆಸುಪಾಸಿನ ನಿವಾಸಿಯೊಬ್ಬರು ಇರಲೇಬೇಕು. ಸಮಿತಿಯ ಅವಧಿ ಮೂರು ವರ್ಷ. ಅನಾದಿ ಸಂಪ್ರದಾಯದ ಆಲಯವೆಂದು ನಾವು ತಿಳಿಯುವ ದೇವಸ್ಥಾನಕ್ಕೆ ಕಾನೂನು ಇಷ್ಟನ್ನು ವಿಧಿಸಿರುವಾಗ, ಆಧುನಿಕವೆಂದೂ ಪ್ರಗತಿಪರವೆಂದೂ ಕರೆದುಕೊಳ್ಳುವ ಟ್ರಸ್ಟುಗಳಲ್ಲಿ ಗಂಡ, ಹೆಂಡತಿ, ಭಾವಮೈದುನ ಮತ್ತು ಒಬ್ಬ ಸ್ನೇಹಿತ ಆಜೀವ ಧರ್ಮದರ್ಶಿಗಳಾಗಿ ಕುಳಿತಿದ್ದರೂ ಕೇಳುವವರಿಲ್ಲ.

ಅವಧಿಯಿಲ್ಲದ ಅಧಿಕಾರ, ಹೊರಗಿನವರಿಲ್ಲದ ಮಂಡಳಿ, ದಿನದಿನಕ್ಕೆ ಬೆಳೆಯುವ ಕಾಣಿಕೆ ಈ ಮೂರೂ ಕೂಡಿದಲ್ಲಿ ಏನಾಗಬಹುದೆಂಬುದರ ಭೀಕರ ಸ್ಮರಣೆ ಈ ಜಿಲ್ಲೆಯದೇ ಆಗಿದೆ. 2018ರ ಡಿಸೆಂಬರ್ 14ರಂದು, ಇಂದಿನ ಹನೂರು ತಾಲ್ಲೂಕಿನ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಗೋಪುರದ ಶಂಕುಸ್ಥಾಪನೆಯ ಸಂದರ್ಭದಲ್ಲಿ ಹಂಚಿದ ಪ್ರಸಾದದಲ್ಲಿ ಕೀಟನಾಶಕ ಬೆರೆತು 17 ಮಂದಿ ಮಡಿದರು. ನೂರಕ್ಕೂ ಮಿಕ್ಕ ಜನ ಆಸ್ಪತ್ರೆ ಸೇರಿದರು. ದೇವಸ್ಥಾನದ ಟ್ರಸ್ಟಿನ ಹಿಡಿತಕ್ಕಾಗಿ ಎರಡು ಬಣಗಳ ನಡುವೆ ನಡೆದ ವೈಮನಸ್ಯವೇ ಇದಕ್ಕೆ ಮೂಲವೆಂಬುದು ಪೊಲೀಸರ ಆರೋಪ. ಅಪರಾಧದ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಅದನ್ನಿಲ್ಲಿ ಚರ್ಚಿಸುವುದು ಸಲ್ಲದು. ಆದರೆ ಅಪರಾಧವನ್ನು ಪಕ್ಕಕ್ಕಿಟ್ಟು ನೋಡಿದರೂ ಉಳಿಯುವ ಪ್ರಶ್ನೆಯೊಂದುಂಟು: ಗೋಪುರ ಎಷ್ಟು ಎತ್ತರವಾಗಬೇಕು, ಹುಂಡಿಯ ಹಣ ಯಾರ ಕೈಯಲ್ಲಿರಬೇಕು ಎಂಬ ಜಗಳವನ್ನು ಅದು ಹಗೆಯಾಗುವ ಮುನ್ನ ಕೇಳಿ ತೀರಿಸಬಲ್ಲ, ಎರಡು ಬಣಕ್ಕೂ ಸೇರದ ಮೂರನೆಯವನೊಬ್ಬನು ಆ ವ್ಯವಸ್ಥೆಯಲ್ಲಿ ಎಲ್ಲಿದ್ದನು? ಆಮೇಲೆ ದೇವಸ್ಥಾನವನ್ನು ಮುಜರಾಯಿ ಇಲಾಖೆ ವಹಿಸಿಕೊಂಡಿತು. ನಮ್ಮಲ್ಲಿ ಮೂರನೆಯವನು ಬರುವುದು ಯಾವಾಗಲೂ ಆಮೇಲೆಯೇ.

ಮೂರನೆಯವರನ್ನು ಮೊದಲೇ ಕೂರಿಸಿಕೊಂಡ ಮಾತ್ರಕ್ಕೆ ಎಲ್ಲವೂ ನೇರವಾಗುವುದೆಂದಲ್ಲ. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾಗಿ ಲಕ್ಷಾಂತರ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟ ನೀಡುತ್ತಿರುವ ಅಕ್ಷಯಪಾತ್ರ ಪ್ರತಿಷ್ಠಾನದಲ್ಲಿ ಉದ್ಯಮರಂಗದ ಹೆಸರಾಂತ ಸ್ವತಂತ್ರ ಧರ್ಮದರ್ಶಿಗಳಿದ್ದರು. 2020ರಲ್ಲಿ ಅವರಲ್ಲಿ ಹಲವರು ಆಡಳಿತ ವಿಷಯಕವಾದ ಭಿನ್ನಾಭಿಪ್ರಾಯದಿಂದ ರಾಜೀನಾಮೆಯಿತ್ತು ಹೊರನಡೆದರು. ಧಾರ್ಮಿಕ ಸಂಸ್ಥೆಯೊಂದರ ಮಡಿಲಲ್ಲಿ ಹುಟ್ಟಿದ ಇಂಥ ದತ್ತಿಗೆ ಯಾರ ಅಧಿಕಾರ ಎಲ್ಲಿ ಕೊನೆಗೊಳ್ಳುತ್ತದೆಂಬುದು ಬರಹದಲ್ಲಿ ಸ್ಪಷ್ಟವಾಗದಿದ್ದರೆ, ಪ್ರಾಮಾಣಿಕರೂ ಸಮರ್ಥರೂ ಆದ ಸದಸ್ಯರಿಗೆ ಉಳಿಯುವ ಕೊನೆಯ ಅಸ್ತ್ರ ರಾಜೀನಾಮೆಯೊಂದೇ. ಅಷ್ಟಾದರೂ ಅವರು ಪ್ರಶ್ನೆಯನ್ನು ಸಾರ್ವಜನಿಕರ ಮುಂದಿಟ್ಟರು ಎನ್ನಬೇಕು.

ಸ್ಥಾಪಕರ ಕಡೆಯ ಮಾತನ್ನೂ ಕೇಳದಿರುವುದು ಅನ್ಯಾಯ. ಸಮಿತಿಗಳು ಕೆಡಿಸಿದ ಒಳ್ಳೆಯ ಕೆಲಸಗಳೂ ಕಡಮೆಯಲ್ಲ. ಒಬ್ಬ ವ್ಯಕ್ತಿಯ ಹಟವಿಲ್ಲದೆ ಯಾವ ಅನಾಥಾಲಯವೂ ಮೊದಲ ಐದು ವರ್ಷಗಳನ್ನು ದಾಟದು. ಚಾಮರಾಜನಗರದಲ್ಲಿ 1992ರಲ್ಲಿ ಜಿ. ಎಸ್. ಜಯದೇವ ಅವರು ದಿಕ್ಕಿಲ್ಲದ ಮಕ್ಕಳಿಗಾಗಿ ಆರಂಭಿಸಿದ ದೀನಬಂಧುವಿನಂಥ ಸಂಸ್ಥೆಯ ಬೆಳವಣಿಗೆಯನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಹಟ ಬೇಕಾದ ಕಾಲ ಒಂದು, ಹಟ ತನ್ನ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾದ ಕಾಲ ಇನ್ನೊಂದು. ಎರಡನೆಯದು ಯಾವಾಗ ಬಂದಿತೆಂದು ತಿಳಿಸುವವರು ಸ್ಥಾಪಕನ ಸುತ್ತ ಸಾಮಾನ್ಯವಾಗಿ ಇರುವುದಿಲ್ಲ. ಡಿ. ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ಅವರಿಗೆ ಅರ್ಪಿತವಾದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅಂಥವರನ್ನು ಆದರ್ಶವಾಗಿ ಸ್ಮರಿಸಬಹುದು. ಎಲ್ಲ ಸ್ಥಾಪಕರೂ ಅಂಥವರೆಂದು ನಂಬಿ ನಿಯಮ ಬರೆಯುವಂತಿಲ್ಲ. ಮೈಸೂರಿನ ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಶಾಲೆ ಇಂದಿಗೂ ನಡೆಯುತ್ತಿದೆಯೆಂದರೆ, ಅದು ಕೊಟ್ಟವರ ಔದಾರ್ಯದಷ್ಟೇ, ಎಂ. ವೆಂಕಟಕೃಷ್ಣಯ್ಯನವರಂಥ ಮುಖ್ಯೋಪಾಧ್ಯಾಯರ ಪಾಲನೆಯ ಫಲವೂ ಹೌದು.

ಸುಧಾರಣೆಯ ಮಾತು ಬಂದಾಗ ರಾಜ್ಯಕ್ಕೊಬ್ಬ ಧರ್ಮಾದಾಯ ಆಯುಕ್ತರನ್ನು ನೇಮಿಸಿದರೆ ಆಯಿತೆಂದು ಹೇಳುವವರಿದ್ದಾರೆ. ನನಗೆ ಅಷ್ಟು ಭರವಸೆಯಿಲ್ಲ. ಧರ್ಮದರ್ಶಿಯೊಬ್ಬರು ಬದಲಾದರೆಂಬ ವರದಿಯನ್ನು ಅಂಗೀಕರಿಸುವುದಕ್ಕೇ ವರ್ಷಗಳು ಹಿಡಿಯುವುದನ್ನು ಮಹಾರಾಷ್ಟ್ರದಲ್ಲಿ ಕಾಣುತ್ತೇವೆ. ಕಡತವೊಂದು ಹೆಚ್ಚಾದ ಮಾತ್ರಕ್ಕೆ ಧರ್ಮ ಹೆಚ್ಚಾಗದು. ದೂರದ ಅಧಿಕಾರಿಗಿಂತ ಹತ್ತಿರದ ಕಣ್ಣು ಮೇಲು. ಈ ಸೀಮೆಯ ಊರುಗಳಲ್ಲಿ ಹಬ್ಬವೋ ಕೊಂಡೋತ್ಸವವೋ ಮುಗಿದ ಮೇಲೆ ಯಜಮಾನರು ದೇವಸ್ಥಾನದ ಮುಂದೆ ಕುಳಿತು, ಯಾರಿಂದ ಎಷ್ಟು ವಂತಿಗೆ ಬಂತು, ಯಾವುದಕ್ಕೆ ಎಷ್ಟು ಹೋಯಿತು ಎಂದು ಲೆಕ್ಕ ಒಪ್ಪಿಸುವ ಪದ್ಧತಿಯುಂಟು. ಎಣ್ಣೆಗೆ ಕೊಟ್ಟ ಬೆಲೆ ಹೆಚ್ಚಾಯಿತೆಂದು ಅಂಗಡಿಯ ದರ ಬಲ್ಲ ಯಾವನೋ ಒಬ್ಬನು ನಡುವೆಯೇ ಎದ್ದು ಕೇಳುತ್ತಾನೆ. ಈ ಪದ್ಧತಿಯನ್ನು ಕೊಂಡಾಡಿ ಮರುಳಾಗಬೇಕಾದುದಿಲ್ಲ. ಆ ಜಗಲಿಯ ಮೇಲೆ ಹೆಂಗಸರಿಗೆ ಎಡೆಯಿರಲಿಲ್ಲ, ಹೊರಕೇರಿಯವರಿಗೆ ಮಾತಿರಲಿಲ್ಲ, ಯಜಮಾನಿಕೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಆದರೂ ಲೆಕ್ಕವನ್ನು ಕೊಟ್ಟವರ ಎದುರಿಗೆ, ಅವರ ಭಾಷೆಯಲ್ಲಿ, ಗಟ್ಟಿಯಾಗಿ ಓದುವ ಆ ಒಂದು ಗುಣ ನಮ್ಮ ನೋಂದಾಯಿತ ಟ್ರಸ್ಟುಗಳಲ್ಲಿ ಬಹುಮಟ್ಟಿಗೆ ಇಲ್ಲ.

ಭೀಮನಬೀಡು ಗ್ರಾಮಪಂಚಾಯಿತಿಯ ವ್ಯಾಪ್ತಿಯಲ್ಲಿ ಯಾವುದೋ ಟ್ರಸ್ಟು ಶಾಲೆ ನಡೆಸುತ್ತಿದೆಯೆಂದು ಭಾವಿಸೋಣ. ವರ್ಷಕ್ಕೊಮ್ಮೆ ಪಂಚಾಯಿತಿಯ ಫಲಕದ ಮೇಲೆ ಒಂದೇ ಪುಟವನ್ನು ಕನ್ನಡದಲ್ಲಿ ಅಂಟಿಸಬೇಕು: ದತ್ತಿಪತ್ರದ ಉದ್ದೇಶವೇನು, ಈ ವರ್ಷ ಅದಕ್ಕೆ ಸಂದುದೆಷ್ಟು, ಅದರಿಂದ ಪ್ರಯೋಜನ ಪಡೆದವರೆಷ್ಟು ಮಂದಿ, ಧರ್ಮದರ್ಶಿಗಳು ಯಾರು, ಅವರಲ್ಲಿ ಪರಸ್ಪರ ಬಂಧುಗಳು ಯಾರು, ಸಂಬಳ ಪಡೆಯುವ ಬಂಧುಗಳು ಯಾರು, ಪ್ರತಿಯೊಬ್ಬರ ಅವಧಿ ಎಂದಿಗೆ ಮುಗಿಯುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳುವ ಕೆಲಸ ಟ್ರಸ್ಟಿನ ಕಾರ್ಯದರ್ಶಿಗೆ ಬೇಡ. ಅಧ್ಯಕ್ಷರೇ ಬಂದು ಓದಲಿ. ಮಂಡಳಿಯ ಒಳಗಾದರೋ, ಸಭೆ ಲೆಕ್ಕಪತ್ರದಿಂದ ಆರಂಭವಾಗಿ ಕಾಫಿಯಲ್ಲಿ ಮುಗಿಯುವ ಈಗಿನ ಕ್ರಮಕ್ಕೆ ಬದಲಾಗಿ, ಮೊದಲ ಅರ್ಧ ಗಂಟೆಯನ್ನು ಉದ್ದೇಶಕ್ಕೇ ಮೀಸಲಿಡಬೇಕು. ಸಂಬಂಧವುಳ್ಳ ವಿಷಯ ಬಂದಾಗ ಆ ಸದಸ್ಯನು ಎದ್ದು ಹೊರಗೆ ಹೋದನೆಂಬುದು ನಡವಳಿಯಲ್ಲಿ ದಾಖಲಾಗಬೇಕು. ಹಳೆಯ ವಿದ್ಯಾರ್ಥಿಯೊಬ್ಬಳಾಗಲಿ, ಹಾಸ್ಟೆಲಿನ ಮಗುವಿನ ತಾಯಿಯೊಬ್ಬಳಾಗಲಿ ಪೂರ್ಣಾಧಿಕಾರವುಳ್ಳ ಸದಸ್ಯಳಾಗಿ ಕೂರಬೇಕು. ಇದಕ್ಕೆ ಯಾವ ಹೊಸ ಕಾಯಿದೆಯೂ ಬೇಡ.

ಇಷ್ಟು ಮಂದಿ ಯೋಗ್ಯರನ್ನು ಹಳ್ಳಿಯಲ್ಲಿ ಎಲ್ಲಿಂದ ತರುವುದೆಂಬ ಆಕ್ಷೇಪ ಬರುತ್ತದೆ, ಬರಲೂ ಬೇಕು. ತಾಲ್ಲೂಕಿನ ನಾಲ್ಕಾರು ನಿವೃತ್ತ ಉಪಾಧ್ಯಾಯರೇ ಎಲ್ಲ ಸಂಸ್ಥೆಗಳ ಮಂಡಳಿಯಲ್ಲಿಯೂ ಇದ್ದು, ಸೋಮವಾರ ಒಂದರಲ್ಲಿ ಆಡಿದ ಮಾತನ್ನೇ ಗುರುವಾರ ಇನ್ನೊಂದರಲ್ಲಿ ಆಡುವುದು ಈಗಿನ ಸ್ಥಿತಿ. ಆದರೆ ಹಾಲಿನ ಡೇರಿಯ ಸಹಕಾರ ಸಂಘವನ್ನು ನಡೆಸುವವರು ಈ ಊರುಗಳವರೇ. ಸ್ತ್ರೀಶಕ್ತಿ ಸಂಘಗಳಲ್ಲಿ ಬಡ್ಡಿ, ಅಸಲು, ಕಂತುಗಳ ಲೆಕ್ಕವನ್ನು ತಪ್ಪಿಲ್ಲದೆ ಇಡುವ ಹೆಂಗಸರೂ ಈ ಊರುಗಳವರೇ. ಅವರನ್ನು ದತ್ತಿಮಂಡಳಿಗೆ ಕರೆಯದಿರುವುದಕ್ಕೆ ಅವರ ಅಯೋಗ್ಯತೆ ಕಾರಣವೆಂದು ಯಾವ ಧರ್ಮದರ್ಶಿಯೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಕರೆದಿದ್ದನ್ನೂ ಹೆಚ್ಚಾಗಿ ಕಂಡಿಲ್ಲ.